ಕೆಮ್ಮುವ ಮೀನು

ನವೆಂಬರ್ ೩, ಸೋಮವಾರ

ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೇನೆ. ಗೋಡೆ ತಗಡಿನದು. ಆ ಕಡೆ ಮನೆಯ ಒಡತಿ, ಮುದುಕಿ ಸಿದೊನಿ ಮಲಗಿದ್ದಾಳೆ. ಮಲಗಿದ್ದಾಳೆ ಅಂತ ನಾನು ಅಂದುಕೊಂಡಿದ್ದೇನೆ, ಅಷ್ಟೇ. ನನ್ನ ಮಡಗಾಸ್ಕರಿನ ಮಲಗಾಸಿ ಮಾತು, ಮಾರಿಷಸ್‌ಗೆ ಸೇರಿದ ಈ ರೊಡ್ರಿಗ್ಸ್ ದ್ವೀಪದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಆದರೆ ಹೆದರಿಕೆ ಅರ್ಥವಾಗಲು ಭಾಷೆ ಯಾಕೆ ಬೇಕು?

ಇವತ್ತು ಖಾಕಿ ಬಟ್ಟೆಯವನೊಬ್ಬ ಅಂಗಳಕ್ಕೆ ಬಂದ. ಕಂಡದ್ದೇ ತಡ, ಹಿತ್ತಲ ಸಿಮೆಂಟು ತೊಟ್ಟಿಗೆ ಹಾರಿ ಮುಚ್ಚಳ ಎಳೆದುಕೊಂಡೆ. ಮಳೆ ಇಲ್ಲದೆ ತೊಟ್ಟಿ ಒಣಗಿ ಬಿರುಕು ಬಿಟ್ಟಿದೆ. ತಳದಲ್ಲಿ ಧೂಳು, ಒಂದು ಸತ್ತ ಹಲ್ಲಿ. ಗಂಟಲಿಗೆ ಧೂಳು ಹೋಗಿ ಕೆಮ್ಮು ಹತ್ತಿತು. ಅಂಗಿಯನ್ನು ಬಾಯಿಗೆ ತುರುಕಿಕೊಂಡು ಕೂತೆ. ಎಷ್ಟು ಹೊತ್ತೋ. ಕೊನೆಗೆ ಮುಚ್ಚಳ ತೆರೆಯಿತು. ಮುದುಕಿಯ ಹುಲ್ಲಿನ ಟೊಪ್ಪಿ ಕಂಡಿತು.

"ಏನೋ, ಅಲ್ಲೇ ಸಂಸಾರ ಹೂಡ್ತೀಯೋ, ಊಟಕ್ಕೆ ಬರ್ತೀಯೋ?"

"ಆ ಮನುಷ್ಯ..."

"ಆಡುಗಳಿಗೆ ಸೂಜಿ ಹಾಕೋನು ಕಣೋ ಅವ್ನು. ಹೋಗಾಯ್ತು. ನಿಂಗೂ ಒಂದು ಹಾಕಿಸ್ಬೇಕಿತ್ತಾ?"

ಜೋಳದ ಅನ್ನ, ಕೆಂಪು ಹುರುಳಿಕಾಯಿ ಕಾಳು, ಉಪ್ಪುಮೀನು ಬಡಿಸಿದಳು. ಯಾಕೆ ಅಡಗಿದೆ ಅಂತ ಒಂದು ಮಾತು ಕೇಳಲಿಲ್ಲ. ಅದೇ ನನಗೆ ಸರಿಬರಲಿಲ್ಲ. ಕೇಳುವವರಿಗೆ ಸುಳ್ಳಾದರೂ ಹೇಳಬಹುದು. ಕೇಳದವರು ಆಗಲೇ ಎಲ್ಲ ತಿಳಿದುಕೊಂಡಿರುತ್ತಾರೆ.

ತಿಳಿದಿದ್ದರೆ ನನ್ನ ಕಥೆ ಮುಗಿಯಿತು. ವೆಲ್ಡಿಂಗ್ ಕೆಲಸಕ್ಕೆಂದು ಕರೆತಂದ ಕಂಪನಿ ಹೋಟೆಲ್ ಕಟ್ಟುವುದನ್ನು ಅರ್ಧಕ್ಕೇ ನಿಲ್ಲಿಸಿ ನಮ್ಮವರನ್ನೆಲ್ಲ ವಿಮಾನ ಹತ್ತಿಸಿತು. ನಾನು ಹತ್ತಲಿಲ್ಲ. ಗ್ರಾವಿಯೆ ಎಂಬ ಈ ಹಳ್ಳಿಗೆ ಬಂದು ತಗಡು ಬೆಸೆದುಕೊಂಡು, ಇವರ ಆಡು ಮೇಯಿಸಿಕೊಂಡು ಇದ್ದೇನೆ. ಕೆಲಸದ ಪರವಾನಗಿ ಸತ್ತು ಬಹಳ ಕಾಲವಾಯಿತು. ಪೊಲೀಸರಿಗೆ ಸಿಕ್ಕರೆ ಮೊದಲ ವಿಮಾನಕ್ಕೆ ಮಡಗಾಸ್ಕರ್. ತೊಮಾಸಿನಾ ಬಂದರಿನಲ್ಲಿ ನನಗಾಗಿ ಕಾದಿರುವುದು ಚಿಕ್ಕಪ್ಪನ ಮನೆಯ ಒಂದು ಮೂಲೆ. ಆ ಮೂಲೆಯಲ್ಲೂ ಈಗ ಯಾರೋ ಮಲಗುತ್ತಿರಬೇಕು.

ನವೆಂಬರ್ ೮, ಶನಿವಾರ

ಮುದುಕಿಯ ಜೊತೆ ಪೋರ್ಟ್ ಮಾತುರೆಂ ಸಂತೆಗೆ ಹೋಗಿದ್ದೆ. ಹೋಗುವುದಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾಳೆ, ಹೋದರೆ ಜನ. ಒಣಗಿಸಿದ ಆಕ್ಟೋಪಸ್ ನೇತುಹಾಕಿದ ಬಿದಿರ ಗಳು ಹೊತ್ತು ಹೋದೆ, ತಲೆ ತಗ್ಗಿಸಿಕೊಂಡು.

ಅಲ್ಲಿಗೆ ಪೊಲೀಸ್ ಸಾರ್ಜೆಂಟ್ ಗ್ರಾಂಕೂರ್ ಬಂದ. ಮುದುಕಿ ಅವನಿಗೆ ನಿಂಬೆ ಉಪ್ಪಿನಕಾಯಿಯ ಬಾಟಲಿ ಕೊಟ್ಟಳು. ಇಬ್ಬರೂ ತಲೆಗೆ ತಲೆ ಕೂಡಿಸಿ ಏನೋ ಮಾತಾಡಿದರು. ಆಮೇಲೆ ಅವನು ನಕ್ಕ. ನಕ್ಕವನು ನನ್ನ ಕಡೆ ನೋಡಿದ. ನಾನು ಗಳುವಿನ ಹಿಂದೆ ಸರಿದೆ. ಆಕ್ಟೋಪಸ್ ಕಾಲುಗಳ ಸಂದಿನಿಂದ ಅವನ ಬೂಟು ಮಾತ್ರ ಕಾಣುತ್ತಿತ್ತು.

ಬಸ್ಸಿನಲ್ಲಿ ಕೇಳಿದೆ. "ಸಾರ್ಜೆಂಟ್ ಏನಂದ್ರು ತಾಂತಿನ್?" ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯಬೇಕು, ಅತ್ತೆ ಅಂದಂತೆ.

"ಕ್ರಿಯೋಲ್ ಹಬ್ಬಕ್ಕೆ ಬರ್ತಾನಂತೆ. ಮುಂದಿನ ಸಾಲಲ್ಲೇ ಕೂತ್ಕೋತಾನಂತೆ."

"ಅಷ್ಟಕ್ಕೆ ನಕ್ರಾ?"

"ನಗೋಕೂ ರಸೀದಿ ಬೇಕೇನೋ ನಿಂಗೆ?"

ಉಪ್ಪಿನಕಾಯಿಯ ದುಡ್ಡು ಅವಳು ತೆಗೆದುಕೊಳ್ಳಲಿಲ್ಲ. ಈ ಮುದುಕಿ ಯಾರಿಗೂ ಯಾವುದನ್ನೂ ಪುಕ್ಕಟೆ ಕೊಟ್ಟದ್ದನ್ನು ನಾನು ನೋಡಿಲ್ಲ.

ನವೆಂಬರ್ ೧೪, ಶುಕ್ರವಾರ

ಹಬ್ಬಕ್ಕೆ ಇವರ ಹೆಂಗಸರ ಗುಂಪು ಸೆಗಾ ಹಾಡುತ್ತದೆ. ಸಂಜೆ ಸಂಜೆ ನಮ್ಮ ಅಂಗಳದಲ್ಲಿ ತಾಲೀಮು. ಒಬ್ಬಳು ಹಾಡುತ್ತಾಳೆ, ಮಿಕ್ಕವರು ಸೊಲ್ಲು ಹಿಡಿಯುತ್ತಾರೆ, ಜೋಡಿಗಳು ನಡುವೆ ಕುಣಿಯುತ್ತವೆ. ಆಡಿನ ಚರ್ಮದ ದೊಡ್ಡ ತಮಟೆ ಮುದುಕಿಯದು. ಅದರ ಮರದ ಬಳೆ ಅವಳ ಅಮ್ಮನ ಕಾಲದ್ದು. ತಮಟೆ ಕಾಯಿಸುವುದು ನನ್ನ ಪಾಲಿನ ಕೆಲಸ. ಒಣಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಅದರೆದುರು ತಿರುಗಿಸುತ್ತಾ, ಬೆರಳಿನಿಂದ ತಟ್ಟಿ ನೋಡುತ್ತಾ ಇರಬೇಕು. ಚರ್ಮ ಸಡಿಲಾದರೆ ನಾದವೇ ಏಳುವುದಿಲ್ಲ, ಕಾವು ಹೆಚ್ಚಾದರೆ ಹರಿಯುತ್ತದೆ. ಅದೊಂದು ನನಗೆ ಬರುತ್ತದೆ.

ಇವತ್ತು ಕಾಯಿಸಿಕೊಂಡು ಅಂಗಳಕ್ಕೆ ಬಂದೆ. ಹಾಡು ಗಕ್ಕನೆ ನಿಂತಿತು. ಎಲ್ಲರೂ ಬಾಯಿ ಮುಚ್ಚಿ ನನ್ನನ್ನೇ ನೋಡಿದರು. ಲೂಸಿಯಾನ್ ಅಂತೂ ಟೊಪ್ಪಿಯನ್ನೇ ಮುಖಕ್ಕೆ ಅಡ್ಡ ಹಿಡಿದಳು. ಇವಳು ಮುದುಕಿಯ ತಮ್ಮನ ಮಗಳು, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಎಲ್ಲರಿಗಿಂತ ದೊಡ್ಡದು.

"ತಮಟೆ ಇಟ್ಟು ಹೋಗು, ಸೊಲೊಫೊ. ಆಡಿಗೆ ಹುಲ್ಲು ಹಾಕಿದ್ಯಾ?" ಅಂದಳು ಮುದುಕಿ.

"ಆಗಲೇ ಹಾಕಿದೆ."

"ಇನ್ನೊಂದ್ ಸಲ ಹಾಕು."

ಹೋದೆ. ಹೋದಂತೆ ಮಾಡಿ ಮೂಲೆಯಲ್ಲಿ ನಿಂತೆ. ಎರಡೇ ಮಾತು ಕಿವಿಗೆ ಬಿದ್ದವು. ಒಂದು, ತೊಟ್ಟಿ. ಇನ್ನೊಂದು, ಸಾರ್ಜೆಂಟ್ ಮುಂದೆ.

ನವೆಂಬರ್ ೧೬, ಭಾನುವಾರ

ಇಲ್ಲಿಯ ಸೆಗಾ ಹಾಡುಗಳು ಎಂಥವು ಅಂತ ನನಗೆ ಗೊತ್ತು. ಯಾರ ಹೆಂಡತಿ ಯಾರ ದೋಣಿ ಹತ್ತಿದಳು, ಯಾರು ಪಾದ್ರಿಯ ಕೋಳಿ ತಿಂದರು, ಎಲ್ಲ ಹಾಡಾಗುತ್ತದೆ. ಹೆಸರು ಹೇಳುವುದಿಲ್ಲ, ಆದರೆ ಹೇಳದೆ ಎಲ್ಲರಿಗೂ ಗೊತ್ತಾಗುತ್ತದೆ. ತೊಟ್ಟಿಯಲ್ಲಿ ಅಡಗಿದವನ ಹಾಡು ಮುಂದಿನ ಸಾಲಿನಲ್ಲಿ ಕೂತ ಸಾರ್ಜೆಂಟನ ಕಿವಿಗೆ ಬಿದ್ದರೆ, ಆಮೇಲೆ ಅವನು ಕೇಳಬೇಕಾದ್ದು ಒಂದೇ ಪ್ರಶ್ನೆ. ಯಾಕೆ ಅಡಗಿದ?

ಸಕ್ಕರೆ ತರುವ ನೆಪ ಮಾಡಿಕೊಂಡು ಲಿಮ್‌ಫಾಟ್ ಅಂಗಡಿಗೆ ಹೋದೆ. ಚೀನಾದಿಂದ ಅಜ್ಜನ ಕಾಲದಲ್ಲೇ ಬಂದವರು. ಮುದುಕ ಎಲ್ಲರ ಸುದ್ದಿ ಬಲ್ಲ.

"ನಿಮ್ಮ ಮೇಲೆ ಯಾವತ್ತಾದ್ರೂ ಹಾಡು ಕಟ್ಟಿದ್ರಾ, ಯಜಮಾನ್ರೇ?" ಅಂದೆ, ಸುಮ್ಮನೆ ಕೇಳುವವನಂತೆ.

ಮುದುಕನ ಮುಖ ದೀಪದ ಹಾಗೆ ಹೊತ್ತಿಕೊಂಡಿತು. "ಕಟ್ಟಿದ್ರು! ತಕ್ಕಡಿ ಹಾಡು! 'ಲಿಮ್‌ಫಾಟ್ ಹೆಬ್ಬೆರಳು ಕಾಲು ಕಿಲೋ' ಅಂತ." ತಾನೇ ತಾಳ ಹಾಕಿ ಹಾಡಿದ. "ನಮ್ಮಜ್ಜಂಗೆ ಒಂದೂ ಹಾಡಿಲ್ಲ. ನಮ್ಮಪ್ಪ ಕಾದೂ ಕಾದೂ ಸತ್ತ. ನನ್ ಕಾಲಕ್ಕೆ ಬಂತು ನೋಡು. ಅವತ್ತು ಅಂಗಡೀಲಿ ಎಲ್ರಿಗೂ ರಮ್ ಕೊಟ್ಟೆ."

"ಕಳ್ಳ ಅಂತ ಹಾಡಿದ್ದಕ್ಕೆ ರಮ್ಮಾ?"

"ನೀ ಇನ್ನೂ ಹುಡುಗ" ಅಂದ. ಸಕ್ಕರೆ ತೂಗಿದ. ಹೆಬ್ಬೆರಳು ತಕ್ಕಡಿಯ ಮೇಲೇ ಇತ್ತು.

ಇವನೂ ಅವರ ಕಡೆಯವನೇ. ಕೇಳಬಾರದಿತ್ತು. ಈಗ ಹೋಗಿ ಹೇಳುತ್ತಾನೆ.

ನವೆಂಬರ್ ೧೯, ಬುಧವಾರ

ಹಗ್ಗದ ಮೇಲೆ ಒಣಹಾಕಿದ್ದ ನನ್ನ ಅಂಗಿ ಕಾಣೆ. ಇರುವುದೇ ಎರಡು. ಗಾಳಿಗೆ ಹೋಗಿದ್ದರೆ ಮುದುಕಿಯ ಲಂಗವೂ ಹೋಗಬೇಕಿತ್ತು. ಅದು ಅಲ್ಲೇ ಇದೆ, ಪಟಪಟ ಅನ್ನುತ್ತಿದೆ.

ಅಂಗಿ ಯಾರಿಗೆ ಬೇಕು? ಗುರುತಿಗೆ ಬೇಕು.

ನವೆಂಬರ್ ೨೨, ಶನಿವಾರ

ಸಮುದ್ರದ ಇಳಿತದಲ್ಲಿ ಹೆಂಗಸರು ಆಕ್ಟೋಪಸ್ ಹಿಡಿಯಲು ನೀರಿಗಿಳಿದಿದ್ದರು. ಲೂಸಿಯಾನ್ ಒಬ್ಬಳೇ ಇದ್ದಾಗ ಹೋಗಿ ನಿಂತೆ. ಮೊಣಕಾಲುದ್ದ ನೀರು, ಅವಳ ಕೈಯಲ್ಲಿ ಕಬ್ಬಿಣದ ಈಟಿ.

"ಹಾಡು ನನ್ನ ಮೇಲೇನಾ?"

"ಓಹೋ! ನಿನ್ ಮೇಲೆ ಹಾಡು ಕಟ್ಟೋಕೆ ನೀನೇನ್ ದೊಡ್ ಮನ್ಷನಾ?"

"ತಮಾಷೆ ಬೇಡ. ಹೌದೋ ಅಲ್ವೋ?"

"ಹಬ್ಬಕ್ ಮುಂಚೆ ಹಾಡಿನ ಸುದ್ದಿ ಹೇಳೋದು ಅಪಶಕುನ. ನಾಲಗೆ ಊದ್ಕೊಳ್ಳುತ್ತೆ." ಕಲ್ಲಿನ ಸಂದಿಗೆ ಈಟಿ ಚುಚ್ಚಿದಳು. ಎಳೆದಾಗ ಆಕ್ಟೋಪಸ್ ಅವಳ ಮುಂಗೈಗೆ ಸುತ್ತಿಕೊಂಡಿತ್ತು. "ನೋಡು, ಇದೂ ನಿನ್ ಥರಾನೇ. ಬಿಲದಲ್ಲಿ ಕೂತು ಕಣ್ ಬಿಟ್ಕೊಂಡು ನೋಡ್ತಿರುತ್ತೆ. ಅದಕ್ಕೇ ಸಿಕ್ಕಿಬೀಳುತ್ತೆ."

ಇದು ಬೆದರಿಕೆಯಲ್ಲದೆ ಇನ್ನೇನು?

ಆದರೂ ಬುಟ್ಟಿ ಭಾರವಾಗಿತ್ತು, ಮನೆಯವರೆಗೆ ನಾನೇ ಹೊತ್ತು ತಂದೆ.

ನವೆಂಬರ್ ೨೬, ಬುಧವಾರ

ಅಂಗಿ ವಾಪಸ್ಸು ಬಂದಿದೆ. ಹಾಸಿಗೆಯ ಮೇಲೆ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಾರೆ. ಭುಜದ ಮೇಲೆ ಸೀಮೆಸುಣ್ಣದ ಗೆರೆ. ಒರೆಸಿದರೂ ಪೂರ್ತಿ ಹೋಗಲಿಲ್ಲ. ಪೊಲೀಸರು ಏನನ್ನೆಲ್ಲ ಅಳೆಯುತ್ತಾರೋ ನನಗೆ ತಿಳಿಯದು.

ನವೆಂಬರ್ ೩೦, ಭಾನುವಾರ

ಇವತ್ತು ಹೊರಟುಬಿಡಬೇಕಿತ್ತು. ಮೀನುಗಾರನೊಬ್ಬ ದ್ವೀಪದ ಆ ತುದಿಗೆ ಕರೆದೊಯ್ಯಲು ಒಪ್ಪಿದ್ದ, ಅಲ್ಲಿ ಯಾರಿಗೂ ನನ್ನ ಪರಿಚಯವಿಲ್ಲ. ಚೀಲ ಕಟ್ಟಿದ್ದೆ. ಅಷ್ಟರಲ್ಲಿ ಕೋಳಿಗೂಡಿನ ತಗಡು ಗಾಳಿಗೆ ಹಾರಿತು. ಅದನ್ನು ಕೂರಿಸದೆ ಹೇಗೆ ಹೋಗುವುದು? ಕೂರಿಸಿದ ಮೇಲೆ ಗಬ್ಬದ ಆಡು ಕಾಣಲಿಲ್ಲ. ಹುಡುಕಿ ತಂದೆ. ತಂದಾಗ ದೋಣಿ ಹೋಗಿತ್ತು.

ತಾಂತಿನ್ ಚೀಲ ನೋಡಿದಳು. "ಬಟ್ಟೆ ಒಗೀಬೇಕಿತ್ತಾ?" ಅಂದಳು.

"ಹೂಂ" ಅಂದೆ.

"ನೀರಿಲ್ಲ. ಬಿಚ್ಚಿಡು."

ಡಿಸೆಂಬರ್ ೫, ಶುಕ್ರವಾರ

ನಾಳೆ ಹಬ್ಬ. ಯೋಚನೆ ಮಾಡಿದ್ದೇನೆ. ಇದನ್ನು ಹೇಳುವುದಕ್ಕೇ ನಾಚಿಕೆ, ಆದರೂ ಹೇಳುತ್ತೇನೆ. ತಮಟೆ ಇಲ್ಲದೆ ಹಾಡಿಲ್ಲ. ತಮಟೆ ಕಾಯಿಸುವವನು ನಾನು. ಬೆಂಕಿಗೆ ಒಂದು ಗೇಣು ಹತ್ತಿರ, ಒಂದು ಗಳಿಗೆ ಹೆಚ್ಚು. ಚರ್ಮ ತಾನಾಗಿ ಹರಿಯುತ್ತದೆ. ಚರ್ಮ ಹೊಸದು ಹಾಕಬಹುದು. ಬಳೆಗೆ ಏನೂ ಆಗುವುದಿಲ್ಲ. ಅವಳ ಅಮ್ಮನ ಬಳೆಗೆ ಏನೂ ಆಗಬಾರದು.

ಡಿಸೆಂಬರ್ ೬, ಶನಿವಾರ

ಎಲ್ಲಿಂದ ಹೇಳಲಿ.

ಮಧ್ಯಾಹ್ನ ಬಸ್ಸು ಹತ್ತುವ ಮೊದಲು ಲೂಸಿಯಾನ್ ಒಂದು ಪೊಟ್ಟಣ ಎಸೆದಳು. ಒಳಗೆ ಅಂಗಿ. ಅವರ ಗುಂಪಿನ ಲಂಗದ ಬಟ್ಟೆಯದೇ, ನೀಲಿಯ ಮೇಲೆ ದೊಡ್ಡ ಕೆಂಪು ಹೂ. ನನ್ನ ಭುಜಕ್ಕೆ ಅಳತೆ ಮಾಡಿ ಹೊಲಿಸಿದ್ದು. ನನಗೆ ಹೊಳೆದದ್ದು ಒಂದೇ. ಸಾವಿರ ಜನರ ನಡುವೆಯೂ ಸಾರ್ಜೆಂಟನಿಗೆ ನಾನು ಸಿಗಬೇಕು, ಅದಕ್ಕೆ ಈ ಹೂ. ತೊಡುವುದಿಲ್ಲ ಅಂದೆ. "ತೊಡದೆ ಇದ್ರೆ ಬಸ್ಸಲ್ಲೇ ಬಿಚ್ಚಿ ತೊಡಿಸ್ತೀವಿ" ಅಂದರು ಹೆಂಗಸರು. ಮಾಡುವವರೇ. ತೊಟ್ಟೆ.

ಪೋರ್ಟ್ ಮಾತುರೆಂ ಬಂದರಿನ ಮೈದಾನ ತುಂಬಿತ್ತು. ಪಪ್ಪಾಯಿ ಹೂರಣದ ಕಡುಬು, ಸುಟ್ಟ ಸಾಸೇಜು, ಅಕಾರ್ಡಿಯನ್ ನುಡಿಸುವ ಮುದುಕರು. ಗುಜರಾತಿ ಬಟ್ಟೆ ಅಂಗಡಿಯವರ ಮಕ್ಕಳಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರೂ. ಮುಂದಿನ ಸಾಲಿನಲ್ಲಿ ಸಾರ್ಜೆಂಟ್ ಗ್ರಾಂಕೂರ್, ಮಾಮೂಲಿ ಬಟ್ಟೆಯಲ್ಲಿ, ತೊಡೆಯ ಮೇಲೆ ಮೊಮ್ಮಗಳು.

ವೇದಿಕೆಯ ಹಿಂದೆ ಹುಲ್ಲಿಗೆ ಬೆಂಕಿ ಹಚ್ಚಿದೆ. ತಮಟೆ ಹಿಡಿದೆ. ಒಂದು ಗೇಣು ಹತ್ತಿರ. ಬೆರಳಿನಿಂದ ತಟ್ಟಿದೆ, ನಾದ ಬಂದಿತ್ತು, ಗಂಟೆಯಂಥ ನಾದ. ಅಲ್ಲಿಗೇ ತೆಗೆಯಬೇಕಿತ್ತು. ತೆಗೆಯಲಿಲ್ಲ. ಕೂದಲು ಸುಟ್ಟ ವಾಸನೆ ಬಂತು. ಆಗ ಮನಸ್ಸು ಬದಲಾಯಿತು, ದೇವರಾಣೆ ಬದಲಾಯಿತು, ಹಿಂದಕ್ಕೆಳೆದೆ. ಆದರೆ ಟಪ್ ಅಂತ ಸದ್ದಾಗಿ ಚರ್ಮ ಅಂಚಿನಿಂದ ಅಂಚಿಗೆ ಬಿರಿಯಿತು.

ತಾಂತಿನ್ ಬಂದಳು. ತಮಟೆ ನೋಡಿದಳು. ಮೂಸಿದಳು. ಆಮೇಲೆ ನನ್ನನ್ನು ನೋಡಿದಳು.

"ಗಾಳಿ ಜಾಸ್ತಿ ಇತ್ತು" ಅಂದೆ.

"ಗಾಳಿ" ಅಂದಳು. ಬಳೆಯ ಸುತ್ತ ಒಮ್ಮೆ ಕೈಯಾಡಿಸಿ, ಅದನ್ನು ನನ್ನ ಕೈಗೇ ವಾಪಸ್ಸು ಕೊಟ್ಟಳು. "ಹಿಡ್ಕೋ. ಬೀಳಿಸ್ಬೇಡ."

ಬೈದಿದ್ದರೆ ಚೆನ್ನಾಗಿತ್ತು.

ಸುತ್ತ ನೋಡಿದಳು. ಯಾರೋ ತಂದಿಟ್ಟಿದ್ದ ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನು, ಖಾಲಿ. ಎತ್ತಿ ಕಂಕುಳಿಗೆ ಇಟ್ಟುಕೊಂಡಳು. ಅಂಗೈಯಿಂದ ಬಡಿದು ನೋಡಿದಳು, ಧಂ ಅಂತು. "ಸರಿ ಹೋಯ್ತು. ನೀರಿಲ್ದಿರೋ ಹಾಡಿಗೆ ನೀರಿಲ್ದಿರೋ ಕ್ಯಾನು. ನಡೀರೇ."

ವೇದಿಕೆಗೆ ಹತ್ತಿದ್ದೇ ಶುರು.

"ನನ್ನ ತೊಟ್ಟೀಲಿ ನೀರಿಲ್ಲವ್ವ, ಮೀನು ಹೆಂಗೆ ಬಂತು?
ಮಳೆಯಿಲ್ಲ ಮೋಡಿಲ್ಲ, ಮೀನು ಹೆಂಗೆ ಕೆಮ್ತು?"

ಸೊಲ್ಲಿನವರು, "ಕೆಮ್ಮೋ ಮೀನು, ಕೆಮ್ಮೋ ಮೀನು, ಗಾಳ ಬೇಡ, ಬಲೆ ಬೇಡ, ಅನ್ನ ಇಟ್ರೆ ಬಂತು!"

ಮೈದಾನವೇ ಬಿದ್ದು ಬಿದ್ದು ನಕ್ಕಿತು. ನಮ್ಮ ಗ್ರಾವಿಯೆಯವರಂತೂ ಮೊದಲೇ ಗೊತ್ತಿದ್ದವರಂತೆ ಸೊಲ್ಲು ಹಿಡಿದರು. ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನಾನು ಬೆವರುತ್ತಾ ಹರಿದ ತಮಟೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ತಾಂತಿನ್ ಕ್ಯಾನಿನ ಮೇಲೆ ಬಡಿತ ಬದಲಿಸಿದಳು. ಇದು ತಾಲೀಮಿನಲ್ಲಿ ಇದ್ದ ಸಾಲಲ್ಲ, ಅಲ್ಲೇ ಕಟ್ಟಿದ್ದು.

"ತನ್ನ ಹಾಡಿಗೆ ತಾನೇ ಹೆದರಿ ತಮಟೆ ಸುಟ್ಟ ಮೀನು,
ಸುಟ್ಟರೇನು, ತೊಟ್ಟಿ ನಮ್ದು, ಮೀನೂ ನಮ್ದೇ ಏನು?"

"ನಮ್ದೇ! ನಮ್ದೇ!" ಅಂದರು ಎಲ್ಲರೂ.

ಹಾಡಿಗೆ ಬಂದವನು ನಡುವೆ ಬಂದು ಕುಣಿಯಬೇಕು. ಬರುವವರೆಗೆ ಸೊಲ್ಲು ನಿಲ್ಲುವುದಿಲ್ಲ. ಅದು ಇಲ್ಲಿಯ ಪದ್ಧತಿ. "ಮೀನು! ಮೀನು!" ಅಂತ ಕೂಗು. ಆ ಹೂವಿನ ಅಂಗಿಯಲ್ಲಿ ಎಲ್ಲಿ ಅಡಗಲಿ? ಲೂಸಿಯಾನ್ ಬಂದು ತಮಟೆ ಕಸಿದು ಯಾರಿಗೋ ಕೊಟ್ಟು ನನ್ನನ್ನು ಎಳೆದುಕೊಂಡು ಹೋದಳು.

"ಮಂಡಿ ಬಗ್ಸೋ, ಕಂಬದ ಥರ ನಿಂತಿದೀಯ!"

ಕುಣಿದೆ. ಕಣ್ಣು ಮುಚ್ಚಿಕೊಂಡು ಕುಣಿದೆ. ಆಮೇಲೆ ಭುಜದ ಮೇಲೆ ಒಂದು ಕೈ ಬಿತ್ತು.

ಕುಣಿತದ ನಡುವೆ ಇನ್ನೊಬ್ಬ ಬಂದು ಭುಜ ತಟ್ಟಿದರೆ ಜೊತೆಗಾತಿಯನ್ನು ಬಿಟ್ಟು ಸರಿಯಬೇಕು, ಅದೂ ಪದ್ಧತಿಯೇ. ತಿರುಗಿದೆ. ಸಾರ್ಜೆಂಟ್ ಗ್ರಾಂಕೂರ್. ಅವನು ಲೂಸಿಯಾನಳ ಮುಂದೆ ಸೊಂಟ ಬಳುಕಿಸುತ್ತಾ ನನ್ನ ಕಿವಿಯಲ್ಲಿ ಹೇಳಿದ, "ಸೋಮವಾರ ಠಾಣೆಗೆ ಬಾ. ಊರಿಗೂರೇ ಹಾಡಿದ್ ಮೇಲೆ ಕೇಳಿಸ್ಲಿಲ್ಲ ಅನ್ನೋಕಾಗಲ್ಲ ನಂಗೆ."

ನಾನು ಹೇಳಿರಲಿಲ್ಲವೇ? ಮೊದಲ ದಿನದಿಂದ ಹೇಳುತ್ತಿದ್ದೇನೆ.

ಡಿಸೆಂಬರ್ ೭, ಭಾನುವಾರ

ರಾತ್ರಿಯೇ ಚೀಲ ಕಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ತಾಂತಿನ್ ಹೊಸ ಆಡಿನ ಚರ್ಮ ನೆನೆಹಾಕುತ್ತಿದ್ದಳು. ಕುಡಿಯುವ ನೀರಿನಲ್ಲಿ. ಅಷ್ಟು ನೀರಿನಲ್ಲಿ ನಾವು ಎರಡು ದಿನ ಅಡಿಗೆ ಮಾಡುತ್ತೇವೆ.

ಎದುರು ಕೂತೆ. "ಗಾಳಿ ಅಲ್ಲ ತಾಂತಿನ್" ಅಂದೆ.

"ನಂಗೇನ್ ಮೂಗಿಲ್ವಾ?"

"ಮತ್ತೆ ಯಾಕೆ ಹಾಡಿದ್ರಿ? ಸಾರ್ಜೆಂಟ್ ಮುಂದೆ ಯಾಕೆ?"

"ಎಷ್ಟ್ ದಿನ ತೊಟ್ಟೀಲಿ ಕೂರ್ತೀಯ? ಮಳೆ ಬಂದ್ರೆ ಮುಳುಗ್ತೀಯ." ಚರ್ಮವನ್ನು ಮಗುಚಿ ಹಾಕಿದಳು. "ಯಾರಿಗೂ ಗೊತ್ತಿಲ್ದಿರೋನ್ನ ಯಾವತ್ ಬೇಕಾದ್ರೂ ವಿಮಾನ ಹತ್ತಿಸ್ಬೋದು. ಕೇಳೋರ್ಯಾರು? ಹಾಡಿಗೆ ಬಂದೋನ್ನ ಕಳಿಸ್ಲಿ ನೋಡೋಣ. ಮೊದಲು ಚೀಲ ಒಳಗಿಡು, ಇದರ ಆ ತುದಿ ಹಿಡ್ಕೋ."

ಹಿಡಿದೆ. ಎಳೆದೆವು. ಆಡಿನ ವಾಸನೆ ಇನ್ನೂ ಕೈಯಲ್ಲಿದೆ. ಅವಳು ಹೇಳಿದ್ದನ್ನು ನಂಬಿದೆನೋ ಇಲ್ಲವೋ ಗೊತ್ತಿಲ್ಲ. ನಾಳೆ ಠಾಣೆಯಲ್ಲಿ ನಾನು ಒಬ್ಬನೇ ತಾನೇ ನಿಲ್ಲಬೇಕಾದ್ದು?

ಡಿಸೆಂಬರ್ ೮, ಸೋಮವಾರ

ಬಸ್ ನಿಲ್ದಾಣದಲ್ಲಿ ಹೆಂಗಸರೆಲ್ಲ ನಿಂತಿದ್ದರು. ಲಿಮ್‌ಫಾಟ್ ಅಂಗಡಿ ಮುಚ್ಚಿ ಬಂದಿದ್ದ. ಎಲ್ಲಿಗೆ ಅಂತ ಕೇಳಿದೆ. "ಪೇಟೇಲಿ ಕೆಲಸ ಇದೆ" ಅಂದರು ಎಲ್ಲರೂ, ಒಂದೇ ಉಸಿರಿನಲ್ಲಿ. ಸೋಮವಾರ ಪೇಟೆಯಲ್ಲಿ ಇವರಿಗೆಲ್ಲ ಏನು ಕೆಲಸ? ಏನೋ ಇದೆ ಅನ್ನಿಸಿತು. ಠಾಣೆಯ ಮೆಟ್ಟಿಲು ಹತ್ತುವವರೆಗೂ ಅನ್ನಿಸುತ್ತಲೇ ಇತ್ತು. ಎಲ್ಲರೂ ನನ್ನ ಹಿಂದೆಯೇ ಹತ್ತಿದರು.

ಸಾರ್ಜೆಂಟ್ ಖಾಕಿಯಲ್ಲಿ ಬೇರೆಯೇ ಮನುಷ್ಯ. "ಇವನಿಗೆ ಕೆಲಸ ಕೊಡೋರ್ಯಾರು?" ಅಂದ.

"ನಮ್ಮ ತಮಟೆ ಕಾಯ್ಸೋನು" ಅಂದಳು ತಾಂತಿನ್.

"ಅದು ಕೆಲಸ ಅಲ್ಲ ತಾಂತಿನ್."

"ಮೊನ್ನೆ ಕುಣಿದ್ಯಲ್ಲ, ಏನಕ್ಕೆ ಕುಣಿದೆ? ನನ್ ಮುಖ ನೋಡ್ಕೊಂಡಾ?"

"ಮೊನ್ನೆ ನೀವು ಬಡಿದಿದ್ದು ನೀರಿನ ಕ್ಯಾನು."

"ಅದಕ್ಕೇ ನಿನ್ ಸೊಂಟ ಹಂಗಿತ್ತು."

ಲಿಮ್‌ಫಾಟ್ ಮುಂದೆ ಬಂದು ತನ್ನ ಗೋದಾಮಿನ ಕಬ್ಬಿಣದ ಕೆಲಸಕ್ಕೆ ವೆಲ್ಡರ್ ಬೇಕು, ಬರೆದುಕೊಡುತ್ತೇನೆ ಅಂದ. ಸಾರ್ಜೆಂಟ್ ಕತ್ತು ತುರಿಸಿಕೊಂಡ. ಅರ್ಜಿ ಮಾರಿಷಸ್‌ಗೆ ಹೋಗಬೇಕಂತೆ. ಒಪ್ಪಬಹುದು, ಒಪ್ಪದೆಯೂ ಇರಬಹುದು, ತನ್ನ ಕೈಯಲ್ಲಿಲ್ಲ ಅಂದ. ಅಲ್ಲಿಯವರೆಗೆ ಪ್ರತಿ ಸೋಮವಾರ ಬಂದು ಸಹಿ ಹಾಕಬೇಕು, ತಪ್ಪಿದರೆ ತಾನೇ ಬಂದು ಕರೆದೊಯ್ಯುತ್ತೇನೆ ಅಂದ. ನಗದೆಯೇ ಅಂದ.

ಹಳೆಯ ಕಡತ ಕೊಡವಿದಾಗ ಧೂಳೆದ್ದು ನನಗೆ ಕೆಮ್ಮು ಬಂತು. ಒಂದೇ ಸಲ ಕೆಮ್ಮಿದ್ದು. ಠಾಣೆಯೇ ತಲೆಯೆತ್ತಿತು. ಬಾಗಿಲ ಬಳಿಯ ಪೇದೆ ಮೇಜಿನ ಮೇಲೆ ಬೆರಳು ಬಡಿಯುತ್ತಾ "ಮೀನು ಹೆಂಗೆ ಕೆಮ್ತು" ಅಂತ ಶುರುಮಾಡಿದ. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಹೇಳಲಾರೆ. ನಾನೂ ನಕ್ಕಿರಬೇಕು, ಪಕ್ಕೆ ನೋಯುತ್ತಿದೆ.

ಮಧ್ಯಾಹ್ನ ಬಂದು ಚರ್ಮ ಬಿಗಿದೆವು. ಒಣಗಲು ಇನ್ನೂ ದಿನ ಬೇಕು. ಆಮೇಲೆ ಹದವಾಗಿ ಕಾಯಿಸಬೇಕು, ಹೊಸ ಚರ್ಮವನ್ನು ಬೇರೆಯವರ ಕೈಗೆ ಕೊಡಬಾರದು.

ಇನ್ನೊಂದು ಮಾತು. ಸಾರ್ಜೆಂಟ್ ನನ್ನ ಹೆಸರು ಬರೆಯುವಾಗ ಶಾಲೆಯ ಮಗುವಿನ ಹಾಗೆ ನಾಲಗೆ ಹೊರಗೆ ಹಾಕುತ್ತಾನೆ. ಬಸ್ಸಿನಲ್ಲಿ ಅದಕ್ಕೆ ಒಂದು ಸಾಲು ಹೊಳೆಯಿತು. ಎರಡನೆಯದೂ ಹೊಳೆಯಿತು. ಇವರ ಕ್ರಿಯೋಲ್ ಮಾತಿನಲ್ಲೇ ಹೊಳೆದಿವೆ, ಆದ್ದರಿಂದ ಇಲ್ಲಿ ಹಾಡುವಂತಿಲ್ಲ. ತಗಡಿನ ಆ ಕಡೆ ತಾಂತಿನ್ ಎದ್ದಿದ್ದಾಳೆ, ನನಗೆ ಗೊತ್ತು. ಹಬ್ಬಕ್ಕೆ ಮೊದಲು ಹೇಳಿದರೆ ನಾಲಗೆ ಊದಿಕೊಳ್ಳುತ್ತದೆ.